ಸೀಸೆಯ ಜಾಡು ಹಿಡಿದು

ಫ್ಲೆಕೈನೈಡ್ ಎಂಬ ಔಷಧಿ ಅಮೆರಿಕದಲ್ಲಿ ಮಾತ್ರೆಯಾಗಿ ಮಾತ್ರ ಸಿಗುತ್ತದೆ. 50, 100, 150 ಮಿಲಿಗ್ರಾಂ. ಮೂರೂ ದೊಡ್ಡವರ ಅಳತೆಗಳು. ನನ್ನ ಮಗಳಿಗೆ ಬೇಕಾಗಿದ್ದದ್ದು ಹೊತ್ತಿಗೆ 6 ಮಿಲಿಗ್ರಾಂ. ಆಗ ಅವಳ ತೂಕ ಐದು ಕಿಲೋ, ಗಂಟಲಲ್ಲಿ ಇಳಿಯುತ್ತಿದ್ದದ್ದು ಹಾಲೊಂದೇ.

ಇದ್ದಕ್ಕಿದ್ದಂತೆ ಹೃದಯದ ಬಡಿತ ನಿಮಿಷಕ್ಕೆ 250 ದಾಟುವ ತೊಂದರೆ ಅವಳದು. ವೈದ್ಯರು ಎಸ್‌ವಿಟಿ ಎನ್ನುತ್ತಾರೆ. ಮೊದಲು ಕೊಟ್ಟ ಪ್ರೊಪ್ರನೊಲಾಲ್ ಕಂಪನಿಯಿಂದಲೇ ದ್ರವರೂಪದಲ್ಲಿ ಬರುತ್ತದೆ, ಆದರೆ ಅದು ಸಾಲಲಿಲ್ಲ. ಫ್ಲೆಕೈನೈಡ್ ಸೇರಿಸಿದ ಮೇಲೆ ಬಡಿತ ಹತೋಟಿಗೆ ಬಂತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೈಗಿತ್ತದ್ದು ಕಂದು ಬಣ್ಣದ ಒಂದು ಪುಟ್ಟ ಸೀಸೆ. ಅದರ ಮೇಲೆ ಕಂಪನಿಯ ಹೆಸರಿಲ್ಲ, ಪೆಟ್ಟಿಗೆಯಿಲ್ಲ. ಪ್ರಿಂಟರ್‌ನಿಂದ ಬಂದ ಬಿಳಿ ಚೀಟಿಯಷ್ಟೇ: ಮಗಳ ಹೆಸರು, ಔಷಧಿಯ ಹೆಸರು, ಒಂದು ಮಿ.ಲೀ.ಯಲ್ಲಿ 20 ಮಿ.ಗ್ರಾಂ, ಹನ್ನೆರಡು ಗಂಟೆಗೊಮ್ಮೆ 0.3 ಮಿ.ಲೀ., ಚೆನ್ನಾಗಿ ಅಲುಗಾಡಿಸಿ, ಇಂಥ ತಾರೀಕಿನ ನಂತರ ಬಳಸಬೇಡಿ.

ಬಾಣಂತನಕ್ಕೆಂದು ಸಾಗರದಿಂದ ಬಂದಿದ್ದ ಅಮ್ಮ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದನ್ನು ಮಾಡಿದವರು ಯಾರು?”

“ಆಸ್ಪತ್ರೆಯ ಫಾರ್ಮಸಿಯವರೇ. ಮಾತ್ರೆ ಅರೆದು ಕಲಸುತ್ತಾರೆ.”

“ನಮ್ಮ ಡಾಕ್ಟರರ ಕಂಪೌಂಡರ್ ಹೀಗೇ ಕಲಸಿ, ಸೀಸೆಯ ಬೆನ್ನಿಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತು. ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಮಾತು ಅದು. ಇಲ್ಲಿ ಇನ್ನೂ ಅದೇ ನಡೆಯುತ್ತಿದೆಯೇನೇ?”

ಅವಳ ಅನುಮಾನಕ್ಕೆ ತುಪ್ಪ ಸುರಿದದ್ದು ಟಿವಿ. 2025ರ ಅಕ್ಟೋಬರ್ ಅದು. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತ ಸುದ್ದಿ ದಿನವಿಡೀ ಬರುತ್ತಿತ್ತು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್‌ನಲ್ಲಿ 48.6 ಶೇಕಡಾ ಡೈಎಥಿಲೀನ್ ಗ್ಲೈಕಾಲ್ ಇತ್ತು, ಅಂದರೆ ಹೆಚ್ಚುಕಡಿಮೆ ಅರ್ಧ ಸೀಸೆ ವಿಷ. ಕಾರ್ಖಾನೆಯ ಮೊಹರು ಇದ್ದ ಸಿರಪ್ಪಿನ ಗತಿ ಹೀಗಾದರೆ, ಮೊಹರೇ ಇಲ್ಲದ ಈ ಸೀಸೆಯ ಗತಿ ಏನು ಎಂಬುದು ಅಮ್ಮನ ಪ್ರಶ್ನೆ. ಅದನ್ನು ತಳ್ಳಿಹಾಕುವ ಉತ್ತರ ನನ್ನ ಬಳಿ ಇರಲಿಲ್ಲ.

ನಾವಿರುವುದು ಮಿಷಿಗನ್‌ನ ನೋವೈಯಲ್ಲಿ. ಡೆಟ್ರಾಯಿಟ್ ಸುತ್ತಿನ ಬಹುಪಾಲು ಕನ್ನಡಿಗರಂತೆ ನನ್ನ ಅನ್ನವೂ ಕಾರಿನಿಂದಲೇ. ಬ್ರೇಕಿನ ಬಿಡಿಭಾಗ ಪೂರೈಸುವವರ ಕಾರ್ಖಾನೆಗೆ ಹೋಗಿ ಗುಣಮಟ್ಟದ ತಪಾಸಣೆ ಮಾಡುವುದು ನನ್ನ ಉದ್ಯೋಗ. ಒಂದು ಬೋಲ್ಟು ಯಾವ ಉಕ್ಕಿನಿಂದ, ಯಾವ ಲಾಟ್‌ನಿಂದ, ಯಾರ ಪಾಳಿಯಲ್ಲಿ ಬಂತು ಎಂದು ಕೇಳಿದರೆ ಅವರು ಕಾಗದ ತೋರಿಸಬೇಕು. ತೋರಿಸದಿದ್ದರೆ ಆ ಲಾಟ್ ಪೂರ್ತಿ ವಾಪಸು. ಅದೇ ಪ್ರಶ್ನೆಗಳನ್ನು ಮಗಳ ಔಷಧಿಗೂ ಕೇಳುವುದು ಎಂದು ತೀರ್ಮಾನಿಸಿದೆ.

ಆಸ್ಪತ್ರೆ ದೂರ. ಮುಂದಿನ ಸೀಸೆಯನ್ನು ಮನೆಯ ಹತ್ತಿರ ತೆಗೆದುಕೊಳ್ಳಿ ಎಂದಿದ್ದರು. ಬೀದಿಗೊಂದರಂತೆ ಇರುವ ದೊಡ್ಡ ಸರಣಿ ಅಂಗಡಿಯವರು ಇದನ್ನು ತಾವು ಮಾಡುವುದಿಲ್ಲ ಎಂದರು. ವಿಮೆಯವರು ಮೊದಲು ಒಪ್ಪಲಿಲ್ಲ, ಆಮೇಲೆ ಅರ್ಧ ಒಪ್ಪಿದರು. ಆ ಪುರಾಣ ಬೇಡ. ಕೊನೆಗೆ ಸಿಕ್ಕಿದ್ದು ಇಂಥ ಕೆಲಸವನ್ನೇ ಮಾಡುವ ಒಂದು ಖಾಸಗಿ ಕಾಂಪೌಂಡಿಂಗ್ ಫಾರ್ಮಸಿ. ಹೋಗುವ ಮೊದಲು ಮನೆಯಲ್ಲೇ ಕೂತು ನೋಡಬಹುದಾದದ್ದನ್ನೆಲ್ಲ ನೋಡಿದೆ. ರಾಜ್ಯದ ಪರವಾನಗಿ ಇಲಾಖೆಯ ತಾಣದಲ್ಲಿ ಅಂಗಡಿಯ ಪರವಾನಗಿ ಜೀವಂತವಿದೆಯೇ, ಶಿಸ್ತುಕ್ರಮ ಏನಾದರೂ ಇದೆಯೇ ಎಂದು ಯಾರು ಬೇಕಾದರೂ ಹುಡುಕಬಹುದು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಳಿಸುವ ಎಚ್ಚರಿಕೆ ಪತ್ರಗಳೂ ಬಹಿರಂಗವಾಗಿಯೇ ಇರುತ್ತವೆ. ಪಿಸಿಎಬಿ ಎಂಬ ಮಾನ್ಯತೆಯೊಂದಿದೆ. ಕಡ್ಡಾಯವಲ್ಲ, ಆದರೆ ತಾನಾಗಿ ಹೊರಗಿನವರನ್ನು ಕರೆದು ತಪಾಸಣೆ ಮಾಡಿಸಿಕೊಳ್ಳುವವರ ಮೇಲೆ ನನಗೆ ವೃತ್ತಿಸಹಜವಾದ ಒಲವು. ಇವರಿಗೆ ಅದಿತ್ತು.

ಇಷ್ಟರಲ್ಲೇ ಒಂದು ವಿಷಯ ಅರಿವಾಯಿತು. ಹೀಗೆ ಕಲಸಿದ ಔಷಧಿಗೆ ಎಫ್‌ಡಿಎ ಅನುಮೋದನೆ ಇರುವುದಿಲ್ಲ. ಯಾರದ್ದಕ್ಕೂ ಇರುವುದಿಲ್ಲ, ಅತ್ಯುತ್ತಮ ಆಸ್ಪತ್ರೆಯದ್ದಕ್ಕೂ. ಮಾರುಕಟ್ಟೆಯಲ್ಲಿ ಸಿದ್ಧ ಔಷಧಿ ಇಲ್ಲದಾಗ, ಒಬ್ಬ ನಿರ್ದಿಷ್ಟ ರೋಗಿಗೆ, ವೈದ್ಯರ ಚೀಟಿಯ ಮೇಲೆ ಮಾಡಿಕೊಡಲು ಕಾನೂನು ಬಿಟ್ಟಿರುವ ಬಾಗಿಲು ಇದು. ಹಾಗಾದರೆ ಸುರಕ್ಷತೆ ಎಲ್ಲಿ ಕೂತಿದೆ? ಸೀಸೆಯೊಳಗಿನ ದ್ರವವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

“ಇಲ್ಲ” ಎಂದರು ಆ ಫಾರ್ಮಸಿಸ್ಟ್, ಮುಚ್ಚುಮರೆಯಿಲ್ಲದೆ. ಅರವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಎರಡು ಕನ್ನಡಕ. “30 ಮಿ.ಲೀ. ಮಾಡುತ್ತೇವೆ. ಪ್ರತಿ ಸೀಸೆಯನ್ನೂ ಪ್ರಯೋಗಾಲಯಕ್ಕೆ ಕಳಿಸಿದರೆ ನಿಮ್ಮ ಮಗುವಿಗೆ ಏನು ಉಳಿಯುತ್ತದೆ? ಮಾಡುವ ರೀತಿಯನ್ನು ಭದ್ರ ಮಾಡಿಕೊಳ್ಳುವುದೇ ನಮ್ಮ ದಾರಿ.” ನಾನು ಕೇಳಿದ್ದಕ್ಕೆ ಒಳಗಿನ ಕೋಣೆಯನ್ನು ಗಾಜಿನಾಚೆಯಿಂದ ನೋಡಲು ಬಿಟ್ಟರು. ರೋಗಿಯ ಹೆಸರಿನ ಮೇಲೆ ಕಾಗದ ಮುಚ್ಚಿ ಒಂದು ತಯಾರಿ ದಾಖಲೆಯನ್ನೂ ತೋರಿಸಿದರು.

ಒಳಗೆ ಒಬ್ಬ ತಂತ್ರಜ್ಞೆ ಕೂದಲಿಗೆ ಟೋಪಿ, ಕೈಗೆ ಗವಸು ಹಾಕಿಕೊಂಡು ಬೇರೊಂದು ಮಗುವಿಗೆ ಇದೇ ಔಷಧಿಯನ್ನು ಮಾಡುತ್ತಿದ್ದಳು. ಲೆಕ್ಕ ಸರಳ. ಆ ಮಗುವಿನ ವೈದ್ಯರು ಕೇಳಿದಂತೆ ಮಿ.ಲೀ.ಗೆ 20 ಮಿ.ಗ್ರಾಂ ಇರುವ 30 ಮಿ.ಲೀ.ಗೆ 600 ಮಿ.ಗ್ರಾಂ, ಅಂದರೆ 100ರ ಆರು ಮಾತ್ರೆ. ಮಾತ್ರೆಯ ಡಬ್ಬಿಯ ಬಾರ್‌ಕೋಡ್ ಮೊದಲು ಸ್ಕ್ಯಾನ್ ಆಗಬೇಕು. ಬೇರೆ ಡಬ್ಬಿ ಎತ್ತಿದರೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಆರು ಮಾತ್ರೆಗಳನ್ನು ಪಿಂಗಾಣಿ ಕಲ್ಲಿನಲ್ಲಿ ಹಾಕಿ ಅರೆದಳು. ಅರೆದದ್ದನ್ನು ಕೆರೆದು, ಮತ್ತೆ ಅರೆದಳು. ನೀರಿನಂಥ ದ್ರವವನ್ನು ಒಮ್ಮೆಲೇ ಸುರಿಯಲಿಲ್ಲ. ಪುಡಿ ತೊಯ್ಯುವಷ್ಟು ಹಾಕಿ ಗಂಟಿಲ್ಲದ ಮುದ್ದೆ ಮಾಡಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋದಳು. ರಾಗಿ ಅಂಬಲಿಗೆ ಹಿಟ್ಟು ಕದಡುವವರಿಗೆ ಈ ಕೈಚಳಕ ಹೇಳಿಕೊಡಬೇಕಾಗಿಲ್ಲ. ಎಲ್ಲವನ್ನೂ ಅಳತೆಯ ಸಿಲಿಂಡರಿಗೆ ಇಳಿಸಿ, ಕಲ್ಲಿಗೆ ಅಂಟಿದ್ದನ್ನೂ ಅದೇ ದ್ರವದಿಂದ ತೊಳೆದು ಸೇರಿಸಿ, 30ರ ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದಳು. ಆ ತೊಳೆದು ಸೇರಿಸುವುದನ್ನು ಬಿಟ್ಟರೆ ಔಷಧಿಯ ಒಂದಂಶ ಕಲ್ಲಿನಲ್ಲೇ ಉಳಿದು, ಸೀಸೆ ಚೀಟಿಯಲ್ಲಿ ಬರೆದದ್ದಕ್ಕಿಂತ ಸಪ್ಪೆಯಾಗುತ್ತದೆ.

ದಾಖಲೆಯ ಹಾಳೆ ನನ್ನ ಕೆಲಸದ ಹಾಳೆಗಳ ಒಡಹುಟ್ಟಿದಂತಿತ್ತು. ಯಾವ ಸೂತ್ರದ ಪ್ರಕಾರ ಮಾಡಿದ್ದು, ಮಾತ್ರೆಯ ಲಾಟ್ ಸಂಖ್ಯೆ, ದ್ರವದ ಲಾಟ್ ಸಂಖ್ಯೆ, ಎರಡರ ಅವಧಿ ಮುಗಿಯುವ ದಿನ, ಎಷ್ಟು ಎಣಿಸಿದರು, ಮಾಡಿದವರು ಯಾರು, ಪರಿಶೀಲಿಸಿದ ಫಾರ್ಮಸಿಸ್ಟ್ ಯಾರು. ನಾಳೆ ಆ ಮಾತ್ರೆಯ ಲಾಟನ್ನು ಕಂಪನಿ ಹಿಂದಕ್ಕೆ ಕರೆದರೆ ಅದು ಯಾವ ಯಾವ ಮಗುವಿನ ಸೀಸೆಗೆ ಹೋಗಿದೆ ಎಂದು ಅಂದೇ ಫೋನ್ ಮಾಡಬಹುದು. ಈ ಹಾಳೆಗಳನ್ನೆಲ್ಲ ಯುಎಸ್‌ಪಿ ಎಂಬ ಔಷಧ ಮಾನದಂಡಗಳ ಸಂಸ್ಥೆಯ 795ನೇ ಅಧ್ಯಾಯ ಕೇಳುತ್ತದೆ. ಬಾಯಿಗೆ ಹಾಕುವ, ಮೈಗೆ ಹಚ್ಚುವ ಔಷಧಿಗಳಿಗೆ ಅದು. ಚುಚ್ಚುವ ಮತ್ತು ಕಣ್ಣಿಗೆ ಬಿಡುವ, ಕ್ರಿಮಿಯೇ ಇರಬಾರದ ಔಷಧಿಗಳಿಗೆ 797. ಎರಡರ ಪರಿಷ್ಕೃತ ರೂಪವೂ 2023ರ ನವೆಂಬರ್ 1ರಿಂದ ಜಾರಿಯಲ್ಲಿದೆ.

ನಾನು ಪಟ್ಟು ಹಿಡಿದು ಕೇಳಿದ್ದು ಮೂಲದ ಬಗ್ಗೆ. ಔಷಧಿ ಬರುವುದಕ್ಕೆ ಎರಡು ದಾರಿ. ಒಂದು, ಹೀಗೆ ಅನುಮೋದನೆ ಪಡೆದ ಮಾತ್ರೆಯನ್ನೇ ಅರೆಯುವುದು. ಆ ಮಾತ್ರೆ ಕಾರ್ಖಾನೆಯಲ್ಲೇ ಪರೀಕ್ಷೆ ದಾಟಿರುತ್ತದೆ. ಇನ್ನೊಂದು, ಶುದ್ಧ ಔಷಧಿಯ ಪುಡಿಯನ್ನು ಡಬ್ಬಿಗಟ್ಟಲೆ ತರಿಸುವುದು. ಪುಡಿಯನ್ನು ತಯಾರಿಸಿದ ಕಾರ್ಖಾನೆ ಎಫ್‌ಡಿಎಯಲ್ಲಿ ನೋಂದಾಯಿತವಾಗಿರಬೇಕು, ಜೊತೆಗೆ ವಿಶ್ಲೇಷಣಾ ಪ್ರಮಾಣಪತ್ರ ಬರಬೇಕು. ಈ ಪ್ರಮಾಣಪತ್ರದ ಹೆಸರು ಕೇಳಿದೊಡನೆ ನನ್ನ ಕಿವಿ ನೆಟ್ಟಗಾಯಿತು. ಅಂಥ ಕಾಗದಗಳನ್ನು ಓದಿ ಓದಿ ನನ್ನ ನಂಬಿಕೆ ಸವೆದಿದೆ. ಪುಡಿ ಒಂದು ದೇಶದಲ್ಲಿ ಹುಟ್ಟಿ, ಇನ್ನೊಬ್ಬರ ಕೈಯಲ್ಲಿ ಸಣ್ಣ ಡಬ್ಬಿಗಳಿಗೆ ತುಂಬಿಸಿಕೊಂಡು ಬರುವಾಗ ಕಾಗದದ ಮೇಲಿನ ಸಂಖ್ಯೆ ಯಾರದು? ಮೊದಲಿನವರು ಪರೀಕ್ಷಿಸಿದ್ದೋ, ತುಂಬಿಸಿದವರು ನಕಲು ಮಾಡಿದ್ದೋ? ಕೇಳಿಯೇ ಬಿಟ್ಟೆ. ತುಂಬಿಸಿದವರು ತಾವೇ ಮತ್ತೆ ಪರೀಕ್ಷಿಸಿ ಮೂಲ ತಯಾರಕರ ಹೆಸರನ್ನೂ ಬರೆದು ಕೊಡದಿದ್ದರೆ ಅವರಿಂದ ತರಿಸುವುದಿಲ್ಲ ಎಂದರು. ಫ್ಲೆಕೈನೈಡ್‌ಗೆ ಮಾತ್ರ ಮಾತ್ರೆಯೇ ಬಳಸುತ್ತೇವೆ ಎಂದರು. ಸಮಾಧಾನವಾಯಿತು.

ಅಮ್ಮನ ಪ್ರಶ್ನೆ ಇನ್ನೂ ಉಳಿದಿತ್ತು, ಯಾಕೆಂದರೆ ಛಿಂದ್ವಾಡದ ವಿಷ ಔಷಧಿಯಲ್ಲಿರಲಿಲ್ಲ, ಔಷಧಿಯನ್ನು ಕರಗಿಸಿದ ದ್ರವದಲ್ಲಿತ್ತು. ಸಿಹಿ ಸಿರಪ್ಪಿಗೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥವು ಬೇಕು. ಅವುಗಳ ಜಾಗದಲ್ಲಿ ಅಗ್ಗದ ಕೈಗಾರಿಕಾ ಸರಕು ಸೇರಿಕೊಂಡಾಗ ಮಕ್ಕಳ ಮೂತ್ರಪಿಂಡ ನಿಲ್ಲುತ್ತದೆ. 1937ರಲ್ಲಿ ಅಮೆರಿಕದಲ್ಲೇ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫನಿಲಮೈಡ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಮಾರುವ ಮೊದಲು ಔಷಧಿ ಸುರಕ್ಷಿತವೆಂದು ತೋರಿಸಬೇಕು ಎಂಬ 1938ರ ಕಾನೂನು ಹುಟ್ಟಿದ್ದೇ ಅದರಿಂದ. ಮಗಳ ಸೀಸೆಯ ಸಿಹಿ ದ್ರವದಲ್ಲೂ ಗ್ಲಿಸರಿನ್ ಇದೆ. ಔಷಧಿಗೆ ಬಳಸುವ ಗ್ಲಿಸರಿನ್ ಗ್ಲಿಸರಿನ್ನೇ ಎಂದು ಗುರುತಿಸುವ ಪರೀಕ್ಷೆಯೊಳಗೇ ಯುಎಸ್‌ಪಿ ಈ ವಿಷದ ಪರೀಕ್ಷೆಯನ್ನೂ ಸೇರಿಸಿದೆ: 0.10 ಶೇಕಡಾಕ್ಕಿಂತ ಹೆಚ್ಚಿದ್ದರೆ ಅದು ಗ್ಲಿಸರಿನ್ ಎನಿಸಿಕೊಳ್ಳುವುದೇ ಇಲ್ಲ. ಇದನ್ನು ಅಮ್ಮನಿಗೆ ವಿವರಿಸಿದೆ. “ಪರೀಕ್ಷೆ ಮಾಡುವವರು ಮಾಡಿದರೆ ಸರಿ” ಎಂದಳು. ಗುಣಮಟ್ಟ ವಿಭಾಗಕ್ಕೆ ಅವಳನ್ನು ಸೇರಿಸಿಕೊಳ್ಳಬಹುದು.

ಮಾಡದವರ ಕಥೆ ನಮ್ಮ ಪಕ್ಕದಲ್ಲೇ ಇತ್ತು. ನೋವೈಯಿಂದ ಪಶ್ಚಿಮಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಬ್ರೈಟನ್ ಎಂಬ ಊರು. 2012ರಲ್ಲಿ ಅಲ್ಲಿ ಬೆನ್ನುನೋವಿಗೆ ಸ್ಟೆರಾಯ್ಡ್ ಚುಚ್ಚಿಸಿಕೊಂಡವರಿಗೆ ಮಿದುಳುಪೊರೆಯ ಉರಿಯೂತ ಬಂತು. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ಕಳಿಸಿದ ಸೀಸೆಗಳಲ್ಲಿ ಬೂಷ್ಟು ಬೆಳೆದಿತ್ತು. 20 ರಾಜ್ಯಗಳಲ್ಲಿ 753 ಜನ ಕಾಯಿಲೆ ಬಿದ್ದರು ಎಂದು ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿತು, ಸತ್ತವರು 64. ಅತಿ ಹೆಚ್ಚು ರೋಗಿಗಳಿದ್ದದ್ದು ಮಿಷಿಗನ್‌ನಲ್ಲಿ, 264. ಒಬ್ಬ ರೋಗಿಗೆ ಒಂದು ಚೀಟಿ ಎಂಬ ಬಾಗಿಲಿನಿಂದ ಒಳಬಂದ ಆ ಸಂಸ್ಥೆ ಸುಳ್ಳು ಹೆಸರುಗಳನ್ನು ಬರೆದುಕೊಂಡು ಕಾರ್ಖಾನೆಯಂತೆ ಸಾವಿರಗಟ್ಟಲೆ ಸೀಸೆ ಕಳಿಸುತ್ತಿತ್ತು, ಕ್ರಿಮಿಪರೀಕ್ಷೆಯ ಫಲಿತಾಂಶ ಬರುವ ಮೊದಲೇ. 2024ರಲ್ಲಿ, ಬ್ರೈಟನ್ ಇರುವ ಲಿವಿಂಗ್‌ಸ್ಟನ್ ಕೌಂಟಿಯ ನ್ಯಾಯಾಲಯ ಹನ್ನೊಂದು ಮಿಷಿಗನ್ ನಿವಾಸಿಗಳ ಸಾವಿಗಾಗಿ ಅದರ ಸಹಮಾಲೀಕ ಬ್ಯಾರಿ ಕ್ಯಾಡನ್‌ಗೆ ಶಿಕ್ಷೆ ವಿಧಿಸಿತು.

ಆ ದುರಂತದ ಮೇಲೆ 2013ರ ನವೆಂಬರ್‌ನಲ್ಲಿ ಬಂದ ಕಾನೂನು ಎರಡು ಕೆಲಸ ಮಾಡಿತು. ರೋಗಿಯ ಹೆಸರಿಲ್ಲದೆ ದೊಡ್ಡ ಪ್ರಮಾಣದಲ್ಲಿ ಆಸ್ಪತ್ರೆಗಳಿಗೆ ಮಾಡಿಕೊಡುವವರನ್ನು ಬೇರೆ ವರ್ಗಕ್ಕೆ ಸೇರಿಸಿ, ಕಾರ್ಖಾನೆಯ ನಿಯಮ ಹೇರಿ, ಎಫ್‌ಡಿಎ ತಪಾಸಣೆಗೆ ಒಪ್ಪಿಸಿತು. ಅದೇ ಕಾನೂನಿನ ಎರಡನೆಯ ಭಾಗ, ಮಾತ್ರೆಯ ಪೆಟ್ಟಿಗೆ ಕಾರ್ಖಾನೆಯಿಂದ ಅಂಗಡಿಯವರೆಗೆ ಕೈ ಬದಲಿಸುವುದನ್ನು ಜಾಡು ಹಿಡಿಯುವ ವ್ಯವಸ್ಥೆ ತಂದಿತು. ನಮ್ಮ ಅಂಗಡಿಯಂಥವು ಈಗಲೂ ಮುಖ್ಯವಾಗಿ ರಾಜ್ಯದ ಕಣ್ಗಾವಲಿನಲ್ಲೇ ಇವೆ.

ಆದರೆ ನನಗೆ ನಿಜವಾಗಿ ಬೆವರಿಳಿಸಿದ್ದು ಬೂಷ್ಟೂ ಅಲ್ಲ, ವಿಷವೂ ಅಲ್ಲ. ಬರೀ ಗುಣಾಕಾರ.

ಹೊಸ ಅಂಗಡಿಯ ಮೊದಲ ಸೀಸೆಯನ್ನು ತರಲು ಹೋದ ದಿನ. ಹಣ ಕೊಟ್ಟಾಗಿತ್ತು, ಸೀಸೆ ಚೀಲ ಸೇರಿತ್ತು. ಫಾರ್ಮಸಿಸ್ಟ್ ಕಿಟಕಿಗೆ ಬಂದು, “ಮನೆಯಲ್ಲಿ ಬಳಸುವ ಸಿರಿಂಜ್ ತಂದಿದ್ದೀರಾ? ಹೇಗೆ ಎಳೆಯುತ್ತೀರಿ ತೋರಿಸಿ” ಎಂದರು. ಮಗುವಿನ ಚೀಲದಲ್ಲಿ ಒಂದು ಸಿರಿಂಜ್ ಯಾವಾಗಲೂ ಇರುತ್ತಿತ್ತು. ತೆಗೆದು ತೋರಿಸಿದೆ. ರಾತ್ರಿಯ ಪಾಳಿ ಅಮ್ಮನದು. ಮಂದ ಬೆಳಕಿನಲ್ಲಿ ಅವಳಿಗೆ ಸಣ್ಣ ಅಂಕಿ ಕಾಣುವುದಿಲ್ಲವೆಂದು ನನ್ನ ಗಂಡ 0.3ರ ಮೇಲೆ ಕೆಂಪು ಉಗುರುಬಣ್ಣದ ಗೆರೆ ಎಳೆದಿದ್ದ. ಆ ಗೆರೆ ಕಂಡದ್ದೇ ತಡ, ಅವರ ಮುಖ ಬದಲಾಯಿತು. ಸೀಸೆಯನ್ನು ಚೀಲದಿಂದ ಹೊರತೆಗೆದರು. ಅದರ ಮೇಲಿದ್ದದ್ದು: ಒಂದು ಮಿ.ಲೀ.ಯಲ್ಲಿ 5 ಮಿ.ಗ್ರಾಂ, ಹೊತ್ತಿಗೆ 1.2 ಮಿ.ಲೀ.

ಎರಡೂ ಚೀಟಿ ಸರಿ. 20ರ 0.3 ಆದರೂ ಆರು, 5ರ 1.2 ಆದರೂ ಆರು. ಆಸ್ಪತ್ರೆಯ ವೈದ್ಯರು ಅಂಗಡಿಗೆ ಬರೆದ ಚೀಟಿಯಲ್ಲಿ 6 ಮಿ.ಗ್ರಾಂ ಎಂದು ಮಾತ್ರ ಇತ್ತು, ಸಾಂದ್ರತೆ ಬರೆದಿಲ್ಲದಿದ್ದರೆ ಅಂಗಡಿಯವರ ರೂಢಿಯ ಸೂತ್ರ 5ರದ್ದು. ಆದರೆ ಹೊಸ ಸೀಸೆಯಿಂದ ಹಳೆಯ ಕೆಂಪು ಗೆರೆಗೆ ಎಳೆದರೆ ಮಗುವಿಗೆ ಹೋಗುವುದು ಕಾಲುಭಾಗ, ಒಂದೂವರೆ ಮಿ.ಗ್ರಾಂ. ಮುಂದೆಂದೋ ಆಸ್ಪತ್ರೆಯ 20ರ ಸೀಸೆ ಬಂದು, ಕೈಗೆ 1.2 ರೂಢಿಯಾಗಿದ್ದರೆ ನಾಲ್ಕು ಪಟ್ಟು. ಈ ಔಷಧಿಯ ಸ್ವಭಾವವೂ ಕೆಟ್ಟದ್ದು: ಪ್ರಮಾಣ ಸ್ವಲ್ಪ ಏರಿದರೆ ರಕ್ತದಲ್ಲಿನ ಮಟ್ಟ ಅದಕ್ಕೂ ಮೀರಿ ಏರಬಹುದು, ಮಟ್ಟ ಮಿತಿಮೀರಿದರೆ ಲಯ ಸರಿಪಡಿಸಬೇಕಾದದ್ದೇ ಲಯ ಕೆಡಿಸುತ್ತದೆ.

ಅವರು ಅಲ್ಲೇ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿದರು. ಮಕ್ಕಳಿಗೆ ಕಲಸುವ ದ್ರವ ಔಷಧಿಗಳು ಒಂದೊಂದು ಅಂಗಡಿಯಲ್ಲಿ ಒಂದೊಂದು ಸಾಂದ್ರತೆಯಲ್ಲಿ ಇರುವುದು ಅಪಾಯವೆಂದು ಮಿಷಿಗನ್ ವಿಶ್ವವಿದ್ಯಾಲಯದ ಫಾರ್ಮಸಿಸ್ಟರು ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಮಾಡಿಟ್ಟಿದ್ದಾರೆ. ಪಟ್ಟಿ ಇದೆ, ಪಾಲಿಸಲೇಬೇಕೆಂಬ ಒತ್ತಾಯವಿಲ್ಲ. ಕಾರಿನ ಲೋಕದಲ್ಲಿ ಎರಡು ಅಳತೆಯ ಬೋಲ್ಟು ಒಂದೇ ರಂಧ್ರಕ್ಕೆ ಹೊಂದುವಂತಿದ್ದರೆ ವಿನ್ಯಾಸವನ್ನೇ ತಿರಸ್ಕರಿಸುತ್ತೇವೆ; ಇಲ್ಲಿ ಅದನ್ನು ಸದ್ಬುದ್ಧಿಗೆ ಬಿಟ್ಟಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಅಂದು ಆ ಸೀಸೆ ವಾಪಸು ಹೋಗಿ 20ರ ಸೀಸೆ ತಯಾರಾಯಿತು. ಅಂದಿನಿಂದ ವೈದ್ಯರ ಚೀಟಿಯಲ್ಲಿ ಮಿಲಿಗ್ರಾಂ, ಸಾಂದ್ರತೆ, ಮಿ.ಲೀ. ಮೂರೂ ಇರುತ್ತವೆ, ಮೂರನ್ನೂ ನಾನು ಕಿಟಕಿಯಲ್ಲೇ ಓದಿಸಿಕೊಳ್ಳುತ್ತೇನೆ.

ಅಂಗಡಿ ಬದಲಾದದ್ದಕ್ಕೆ ವೈದ್ಯರು ಇಸಿಜಿ ಮಾಡಿಸಿದರು, ಬೆಳಗಿನ ಔಷಧಿಗೆ ಮೊದಲು ರಕ್ತ ತೆಗೆಸಿ ಮಟ್ಟ ನೋಡಿದರು. ಸೀಸೆಯನ್ನು ಯಾರೂ ಪರೀಕ್ಷಿಸದಿದ್ದರೂ ಮಗುವಿನ ರಕ್ತದಲ್ಲಿ ಅದರ ಲೆಕ್ಕ ಸಿಗುತ್ತದೆ. ಮಟ್ಟ ಸರಿಯಾಗಿತ್ತು. ಹಾಲಿನ ಬಗ್ಗೆಯೂ ಎಚ್ಚರಿಸಿದರು: ಶಿಶುಗಳಲ್ಲಿ ಹಾಲು ಈ ಔಷಧಿಯನ್ನು ಹೀರಿಕೊಳ್ಳುವುದನ್ನು ತಗ್ಗಿಸಬಹುದು. ವಾಂತಿಭೇದಿಯಾಗಿ ಹಾಲು ಕುಡಿಯುವುದು ನಿಂತರೆ ಅದೇ ಪ್ರಮಾಣ ಹೆಚ್ಚಾಗಿಬಿಡಬಹುದು, ಕೂಡಲೇ ಫೋನ್ ಮಾಡಬೇಕು. ಅಲುಗಾಡಿಸುವುದಂತೂ ನಮ್ಮ ಮನೆಯಲ್ಲಿ ಸಂಧ್ಯಾವಂದನೆಯಷ್ಟು ಕಟ್ಟುನಿಟ್ಟು. ಅರೆದ ಪುಡಿ ದ್ರವದಲ್ಲಿ ಪೂರ್ತಿ ಕರಗಿಲ್ಲ, ತೇಲುತ್ತಿದೆ. ಅಲುಗಾಡಿಸದಿದ್ದರೆ ಮೊದಲ ವಾರ ನೀರು, ಕೊನೆಯ ವಾರ ಗಟ್ಟಿ. ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸುವ ಅಮ್ಮನ ಅಭ್ಯಾಸಕ್ಕೂ ತಡೆ ಬಿತ್ತು. ಇದರ ಚೀಟಿಯಲ್ಲಿ ಕೋಣೆಯ ಉಷ್ಣತೆ ಎಂದಿದೆ, ಬೇರೆ ಔಷಧಿಗೆ ಬೇರೆ ಇರುತ್ತದೆ.

ಈ ನಡುವೆ ನನ್ನ ಕಚೇರಿಯಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡನ್ನು ಹೀಗೆ ಕಲಸಿದ ರೂಪದಲ್ಲಿ ಜಾಲತಾಣಗಳಿಂದ ತರಿಸಿ ಚುಚ್ಚಿಕೊಳ್ಳುವವರನ್ನು ನೋಡಿದೆ. ಅದರ ಕೊರತೆ ಮುಗಿಯಿತು, ಅಂದರೆ ಸಿದ್ಧ ಔಷಧಿಯೇ ಸಿಗುತ್ತದೆ ಎಂದು ಎಫ್‌ಡಿಎ 2025ರ ಫೆಬ್ರವರಿಯಲ್ಲೇ ಹೇಳಿದೆ. ಅಳತೆ ತಪ್ಪಿ ಆಸ್ಪತ್ರೆ ಸೇರಿದವರಿದ್ದಾರೆ ಎಂಬ ಎಚ್ಚರಿಕೆಯೂ ಬಂದಿದೆ. ಯಾವ ಅಂಗಡಿ, ಯಾವ ರಾಜ್ಯದ ಪರವಾನಗಿ, ಮಿ.ಲೀ.ಗೆ ಎಷ್ಟು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಬ್ರೇಕಿನ ಪ್ಯಾಡಿಗೆ ಇಷ್ಟು ಸಡಿಲ ಕೊಡುವವರಲ್ಲ ಅವರು.

ಈಗಿನ ಗಂಟು ಬೇರೆ. ಊರಿಗೆ ಹೋಗಬೇಕು, ಆರು ವಾರ. ನೀರಿನಂಶವಿರುವ, ಸಂರಕ್ಷಕ ಸೇರಿಸಿದ ಇಂಥ ಔಷಧಿಗೆ ಅಂಗಡಿಯವರು ಕೊಡುವ ಅವಧಿ 35 ದಿನ. ಇನ್ನೂ ಹೆಚ್ಚು ದಿನ ಕೊಡಬೇಕಾದರೆ ಪ್ರಯೋಗಾಲಯದ ಆಧಾರ ಬೇಕು ಎನ್ನುತ್ತದೆ 795. ಇವರ ಸೂತ್ರಕ್ಕೆ ಅದಿಲ್ಲ, ಇದೆಯೆಂದು ಬರೆದುಕೊಡಲೂ ಅವರು ಒಪ್ಪಲಿಲ್ಲ. ಒಣ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿದರೆ 180 ದಿನದವರೆಗೆ ಕೊಡಬಹುದಂತೆ. ತೆರೆದು, ಒಂದು ಚಮಚ ನೀರಿನಲ್ಲಿ ಕದಡಿ ಪೂರ್ತಿ ಕುಡಿಸುವುದು. ವೈದ್ಯರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಕ್ಯಾಪ್ಸೂಲನ್ನು ಇಲ್ಲಿಯೇ ಶುರು ಮಾಡಿ, ಒಂದು ವಾರದ ನಂತರ ಮಟ್ಟ ಮತ್ತು ಇಸಿಜಿ ನೋಡಿದ ಮೇಲೆಯೇ ಟಿಕೆಟ್. ಹೊರಡುವ ದಿನದ ತೂಕಕ್ಕೆ ಪ್ರಮಾಣ ಲೆಕ್ಕ ಹಾಕಬೇಕಾದ್ದರಿಂದ ಫಾರ್ಮಸಿಸ್ಟ್ ಇನ್ನೂ ತಯಾರಿ ಆರಂಭಿಸಿಲ್ಲ. ಮುಂದಿನ ಸೋಮವಾರ ಮಗಳನ್ನು ತೂಕಕ್ಕೆ ಕರೆತನ್ನಿ ಎಂದಿದ್ದಾರೆ.